ಮಾತು ಮುಗಿದಲ್ಲಿ ಬ್ರೇಕು

ಆಸ್ಪತ್ರೆಯ ಎರಡನೇ ಮಹಡಿ, ಕಾಯುವವರ ಬೆಂಚು
ನವೆಂಬರ್ ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೇ? ಕೆಮ್ಮು ಹೋಯಿತೇ? ಆ ಪ್ಲಾಸ್ಟರ್ ಪುಡಿಯ ಮಧ್ಯೆ ಕೂತು ಕೆಲಸ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಎಷ್ಟು ಸಲ ಹೇಳಿಲ್ಲ. ನೀನು ಕಟ್ಟಿಕೊಳ್ಳುವುದಿಲ್ಲ, ನನಗೆ ಗೊತ್ತು. ಉಜ್ಜುವ ಯಂತ್ರಕ್ಕೆ ಸಿಕ್ಕಿದ ಬೆರಳಿನ ಗಾಯ ಮಾಯಿತೇ? ಹೊತ್ತು ಹೊತ್ತಿಗೆ ಉಣ್ಣು. ಊರವರಿಗೆಲ್ಲ ಕೃತಕ ಕಾಲು ಮಾಡಿಕೊಡುವವಳು ತನ್ನ ಕಾಲ ಮೇಲೆ ನಿಲ್ಲಲಾರದಷ್ಟು ಸೊರಗಿದರೆ ನೋಡಿದವರು ನಗುತ್ತಾರೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಪೆನ್ನು ಒಪ್ಪಲಿಲ್ಲ. ಇದ್ದೇವೆ. ನಿನ್ನಪ್ಪ ಗಾಜಿನ ಬಾಗಿಲಿನ ಆಚೆ, ಕಿಟಕಿ ಪಕ್ಕದ ಮಂಚದಲ್ಲಿ, ಎಡಗೈಯನ್ನು ಯಂತ್ರಕ್ಕೆ ಒಪ್ಪಿಸಿ ಮಲಗಿದ್ದಾರೆ. ರಕ್ತವೆಲ್ಲ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರುವವರೆಗೆ ನನಗೆ ಈ ಬೆಂಚು, ಈ ಬಿಳಿ ದೀಪ, ಎದುರಿಗೆ ನಲ್ಲಿ ತೊಟ್ಟಿಕ್ಕುವ ಆ ಕುಡಿಯುವ ನೀರಿನ ಡಬ್ಬ. ಬೆನ್ನು ಇದೆ ಎಂದು ಗೊತ್ತಾಗುವುದು ಈ ಬೆಂಚಿನಲ್ಲಿ ಕೂತಾಗಲೇ.

ಫೋನಿನಲ್ಲಿ ಹೇಳಬಹುದಿತ್ತು, ಕಾಗದ ಯಾಕೆ ಎನ್ನುತ್ತೀಯ. ಫೋನು ಮಾಡಿದರೆ ಅವರು ಪಕ್ಕದಲ್ಲೇ ಇರುತ್ತಾರೆ. ಇನ್ನೊಂದು ಕೋಣೆಗೆ ಹೋಗಿ ಮೆಲ್ಲಗೆ ಮಾತಾಡು ಎನ್ನಬೇಡ. ನಿನ್ನ ತಾಯಿಯ ಗಂಟಲು ನಿನಗೆ ಗೊತ್ತಿಲ್ಲದ್ದೇ? ನಾಟಕದಲ್ಲಿ ಮೈಕು ಕೈಕೊಟ್ಟ ದಿನಗಳಲ್ಲಿ ಅಗ್ಗದ ಟಿಕೆಟ್ಟಿನ ಕಟ್ಟಕಡೆಯವನನ್ನೂ ನಿದ್ದೆಯಿಂದ ಎಬ್ಬಿಸಿದ ಗಂಟಲು ಅದು. ನಾನು ಗುಟ್ಟು ಹೇಳಿದರೆ ಮೇಲಿನ ಮನೆಯವರು ಕೆಳಗಿಳಿದು ಬಂದು ‘ಹೌದಾ?’ ಎಂದು ಕೇಳುತ್ತಾರೆ. ಅದಕ್ಕೇ ಕಾಗದ. ಹೋದ ವಾರ ನೀನು ಫೋನಿನಲ್ಲಿ ಸಿಡಿಸಿದ ಬಾಂಬಿಗೆ ಇದು ಉತ್ತರ. ಕೋರ್ಸು ಬಿಟ್ಟು ಬರುತ್ತೇನೆ, ಅಪ್ಪನನ್ನು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ನಿನ್ನ ಕೈಯಲ್ಲಿ ಆಗುವುದಿಲ್ಲ ಎಂದೆಯಲ್ಲ, ಆ ಮಾತಿಗೆ. ಕೊನೆಯ ವರ್ಷ ಕಣೇ ಇದು. ತೀರದ ಹತ್ತಿರ ಬಂದ ದೋಣಿಯಿಂದ ನೀರಿಗೆ ಹಾರುತ್ತೇನೆ ಎನ್ನುವವಳನ್ನು ಏನೆಂದು ಕರೆಯಲಿ? ಕೂತು ಪೂರ್ತಿ ಓದು. ಇದು ನಿನ್ನ ತಾಯಿಯ ಏಕಪಾತ್ರಾಭಿನಯ. ಮಧ್ಯದಲ್ಲಿ ಎದ್ದು ಹೋಗುವ ಹಾಗಿಲ್ಲ.

ನೀನು ಹೋದ ಮೇಲೆ ಬಾಡಿಗೆ ಕಾರೇ ಗತಿಯಾಯಿತು. ಒಬ್ಬೊಬ್ಬ ಚಾಲಕ ಒಂದೊಂದು ಬಗೆ. ಹೋಗುವಾಗ ಪರವಾಗಿಲ್ಲ, ಬರುವಾಗಲೇ ಕಷ್ಟ. ಯಂತ್ರದಿಂದ ಬಿಡಿಸಿಕೊಂಡು ಬಂದ ಮನುಷ್ಯ ಹಿಂಡಿ ಹರವಿದ ಬಟ್ಟೆಯ ಹಾಗೆ ಇರುತ್ತಾರೆ. ಕಾರು ಒಂದು ಸಲ ಗಕ್ಕನೆ ನಿಂತರೆ ಸಾಕು, ಹೊಟ್ಟೆ ತೊಳೆಸುತ್ತದೆ, ತಲೆ ಸುತ್ತುತ್ತದೆ, ಬ್ಯಾಂಡೇಜು ಸುತ್ತಿದ ಕೈ ಮುಂದಿನ ಸೀಟಿಗೆ ಹೋಗಿ ಬಡಿಯುತ್ತದೆ. ಒಂದು ದಿನ ಸಿನಿಮಾ ಥಿಯೇಟರಿನ ತಿರುವಿನಲ್ಲಿ ಒಬ್ಬ ಪುಣ್ಯಾತ್ಮ ಹೀಗೇ ನಿಲ್ಲಿಸಿದ. ಇವರು ವಾಂತಿ ಮಾಡಿಕೊಂಡರು. ಆ ಚಾಲಕ ಬೈಯಲಿಲ್ಲ, ಪಾಪ. ಸುಮ್ಮನೆ ಇಳಿದು ಕಿಟಕಿಗಳನ್ನೆಲ್ಲ ಇಳಿಸಿ ದೂರ ಹೋಗಿ ನಿಂತ. ಬೈದಿದ್ದರೇ ಚೆನ್ನಾಗಿತ್ತು. ನಿನ್ನಪ್ಪ ನನ್ನ ಕರವಸ್ತ್ರದಿಂದ ಸೀಟು ಒರೆಸತೊಡಗಿದರು, ಬೇಡವೆಂದರೂ ಬಿಡಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೊರಡುವ ಹೊತ್ತಿಗೆ ‘ಇವತ್ತೊಂದಿನ ಬೇಡ ಬಿಡೇ’ ಎಂದರು. ಯಂತ್ರಕ್ಕೆ ಹೆದರಿ ಅಲ್ಲ ಕಣೇ, ದಾರಿಗೆ ಹೆದರಿ ಒಬ್ಬ ಮನುಷ್ಯ ಆಸ್ಪತ್ರೆ ಬೇಡ ಎನ್ನುತ್ತಿದ್ದಾನೆ. ಅವತ್ತೇ ನಿನ್ನ ಹಳೆಯ ಕಾರಿನ ಮೇಲಿನ ಹೊದಿಕೆ ತೆಗೆದೆ. ಅದರೊಳಗೆ ಬೆಕ್ಕು ಮರಿ ಹಾಕಿತ್ತು, ಅದು ಬೇರೆ ಕಥೆ.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಬಗ್ಗೆ ಹೇಳಬೇಕು. ನಿನ್ನ ವಯಸ್ಸಿನವನೇ, ಆದರೆ ಮುಖ ನೋಡಿದರೆ ನನ್ನ ವಯಸ್ಸು. ಯಾವಾಗಲೂ ಲವಂಗ ಅಗಿಯುತ್ತಾನೆ. ಮೊದಲ ದಿನವೇ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಬಂದ. ಏನಪ್ಪಾ ಇದು ಎಂದರೆ, ಹಳೇ ಶಿಷ್ಯರು ಕೊಟ್ಟ ಬಹುಮಾನ ಎಂದ. ನಾಲ್ಕು ಪಾಠವಾದ ಮೇಲೆ ಪಟ್ಟಿ ದಪ್ಪವಾಯಿತು. ಇದು ಯಾರ ಬಹುಮಾನ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ, ಸಭ್ಯ ಹುಡುಗ. ಸ್ಟೇರಿಂಗ್ ನನಗೆ ಬೇಗ ಬಂತು. ಗೇರೂ ಬಂತು. ರಥ ಓಡಿಸುವ ಪಾತ್ರ ಮಾಡದವಳೇ ನಾನು? ಆದರೆ ನಿಲ್ಲಿಸುವುದಿದೆಯಲ್ಲ, ಅಲ್ಲಿ ನಿನ್ನ ತಾಯಿಯ ಬಂಡವಾಳ ಬಯಲಾಯಿತು. ನಾನು ಬ್ರೇಕ್ ತುಳಿದರೆ ಮೇಷ್ಟ್ರ ಬಾಯಿಯ ಲವಂಗ ಗಾಜಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಹಿಮ್ಮಡಿ ಕೆಳಗೆ ಊರಿ, ಬೆರಳಲ್ಲಿ ಒತ್ತಿ, ಹಣ್ಣು ಹಿಸುಕಿ ನೋಡೋ ಹಾಗೆ ಒತ್ತಿ ಎಂದು ಹೇಳಿ ಹೇಳಿ ಅವನ ದನಿ ಬಿದ್ದುಹೋಯಿತು. ನಾನು ಒಮ್ಮೆ ಪೆಡಲ್ಲು ಗಟ್ಟಿ ಎಂದೆ, ಒಮ್ಮೆ ಚಪ್ಪಲಿ ಜಾರುತ್ತದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮನೆಗೆ ಬಂದು ಅಡುಗೆ ಮಾಡಿ, ಇವರಿಗೆ ಉಪ್ಪು ತೂಗಿ ನೀರು ಅಳೆದು ಕೊಟ್ಟು, ಪಾತ್ರೆ ತೊಳೆಯುವಾಗ ಬಲಗಾಲು ತಾನೇ ತಾನಾಗಿ ನಡುಗುತ್ತಿತ್ತು. ದೇವರು ಕೊಟ್ಟ ಕಾಲೇ ಮಾತು ಕೇಳುವುದಿಲ್ಲ, ನೀನು ಮಾಡಿಕೊಡುವ ಕಾಲನ್ನು ಆ ಜನ ಹೇಗೆ ಪಳಗಿಸುತ್ತಾರೋ ಎಂದು ನಿನ್ನನ್ನೇ ನೆನೆಯುತ್ತಿದ್ದೆ.

ರೋಗ ಎಲ್ಲಿದೆ ಎಂದು ಕಂಡುಹಿಡಿದವನು ಮೇಷ್ಟ್ರೇ. ಒಂದು ಬೆಳಿಗ್ಗೆ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಓಡಿಸುತ್ತಿದ್ದೆ. ಮುಂದೆ ಒಂದು ನಾಯಿಯೂ ಇಲ್ಲ. ನಾನು ಹಳೇ ನಾಟಕ ಕಂಪನಿಯ ಮ್ಯಾನೇಜರನ ಜಿಪುಣತನ ವರ್ಣಿಸುತ್ತಿದ್ದೆ, ನಿನಗೆ ಗೊತ್ತಲ್ಲ, ಸೈನಿಕರಿಗೆ ಒಂದೇ ಜೊತೆ ಬೂಟು ಕೊಟ್ಟು ಸರದಿಯಲ್ಲಿ ರಂಗಕ್ಕೆ ಕಳಿಸಿದ ಕಥೆ. ಇದ್ದಕ್ಕಿದ್ದ ಹಾಗೆ ಕಾರು ಧಡಕ್ಕೆಂದು ನಿಂತಿತು. ಮೇಷ್ಟ್ರು ಹಿಂದೆ ಮುಂದೆ ನೋಡಿದ.

‘ಅಮ್ಮಾ, ರಸ್ತೆ ಖಾಲಿ ಇದೆ. ಯಾಕೆ ನಿಲ್ಸಿದ್ರಿ?’

‘ಮಾತು ಮುಗೀತಲ್ಲಪ್ಪಾ,’ ಎಂದೆ.

ಹೇಳಿದ ಮೇಲೆ ನನಗೇ ಹೊಳೆಯಿತು. ನಮ್ಮ ಕಂಪನಿಯಲ್ಲಿ ಪರದೆ ಬೀಳುವ ದೃಶ್ಯದ ಕೊನೆಯ ಮಾತಿಗೆ ಬಲಗಾಲನ್ನು ಹಲಗೆಗೆ ಅಪ್ಪಳಿಸಿ ನಿಲ್ಲಬೇಕಿತ್ತು. ಪರದೆ ಎಳೆಯುವವರು ನಿಲ್ಲುತ್ತಿದ್ದ ಮೂಲೆಯಿಂದ ರಂಗ ಕಾಣುತ್ತಿರಲಿಲ್ಲ. ಆ ಸದ್ದೇ ಅವರಿಗೆ ಗುರುತು. ಆ ಮೂಲೆಯಲ್ಲಿ ಹಗ್ಗ ಹಿಡಿದು ನಿಂತಿರುತ್ತಿದ್ದವರು ನಿನ್ನಪ್ಪ. ಶಾಪ ಕೊಡುವ ರಾಣಿಯಾಗಿ, ಮಗನನ್ನು ಕಳೆದುಕೊಂಡ ತಾಯಿಯಾಗಿ, ಸಿಂಹಾಸನ ಒದ್ದು ಹೋಗುವ ಸೊಸೆಯಾಗಿ, ಹರೆಯವೆಲ್ಲ ನಾನು ಮಾತು ಮುಗಿದಲ್ಲಿ ಕಾಲು ಅಪ್ಪಳಿಸಿದವಳು. ಆ ಕಾಲು ಈಗ ಕಾರಿನಲ್ಲೂ ಅದೇ ಕೆಲಸ ಮಾಡುತ್ತಿತ್ತು. ರಸ್ತೆಯನ್ನು ನೋಡಿ ತುಳಿಯುತ್ತಿರಲಿಲ್ಲ, ಮಾತನ್ನು ಕೇಳಿ ತುಳಿಯುತ್ತಿತ್ತು. ಮೇಷ್ಟ್ರು ಕುತ್ತಿಗೆ ಸವರಿಕೊಂಡು, ಹಾಗಾದ್ರೆ ಇನ್ಮೇಲೆ ಕಾರಲ್ಲಿ ಮಾತೇ ಬೇಡ ಅಂದ. ನನಗೆ! ಪ್ರಯತ್ನಪಟ್ಟೆ, ಗುಬ್ಬಿ. ಬಾಯಿಗೆ ಬೀಗ ಹಾಕಿ ಓಡಿಸಿದೆ. ಪ್ರಯೋಜನವಾಗಲಿಲ್ಲ. ಬಾಯಿ ಮುಚ್ಚಿದರೆ ಮಾತು ನಿಲ್ಲುತ್ತದೆಯೇ? ಒಳಗೆ ಹಳೇ ಸಂಭಾಷಣೆಗಳು ಸಾಲುಗಟ್ಟಿ ಬರುತ್ತಿದ್ದವು, ಮುಗಿದಲ್ಲಿ ಕಾಲು ಬೀಳುತ್ತಿತ್ತು. ಮೊದಲಾದರೆ ಮೇಷ್ಟ್ರಿಗೆ ಮುನ್ಸೂಚನೆಯಾದರೂ ಇರುತ್ತಿತ್ತು; ಈಗ ಅದೂ ಹೋಯಿತು. ಅವತ್ತು ಮೆಟ್ಟಿಲು ಹತ್ತಲಾರದೆ ಮೊದಲ ಮಹಡಿಯ ತಿರುವಿನಲ್ಲಿ ಕೂತುಬಿಟ್ಟೆ. ನನ್ನ ಕೈಯಲ್ಲಾಗುವುದಿಲ್ಲ, ಮಗಳು ಹೇಳಿದ್ದೇ ಸರಿ ಎನಿಸಿತು. ಪಕ್ಕದ ಮನೆಯ ಟೈಲರ್ ಅಮ್ಮ ಸೂಜಿ ಬಾಯಲ್ಲಿಟ್ಟುಕೊಂಡೇ ಏನಾಯ್ತು ಅಂದಳು. ಏನಿಲ್ಲ, ಮೆಟ್ಟಿಲು ಜಾಸ್ತಿಯಾಗಿವೆ ಎಂದೆ.

ನಿನ್ನಪ್ಪನಿಗೆ ಇದನ್ನೆಲ್ಲ ಹೇಳಿರಲಿಲ್ಲ. ಆದರೆ ಲೈಸೆನ್ಸಿನ ಪರೀಕ್ಷೆಗೆ ಮುಂಚಿನ ಭಾನುವಾರ ‘ನಾನೂ ಬರ್ತೀನಿ, ಹಿಂದೆ ಕೂತಿರ್ತೀನಿ’ ಎಂದು ಚಪ್ಪಲಿ ಮೆಟ್ಟಿಕೊಂಡೇಬಿಟ್ಟರು. ಮೇಷ್ಟ್ರು ಬೇಡವೆನ್ನಲಿಲ್ಲ. ಕೈಯ ಕೆಳಗೆ ದಿಂಬಿಟ್ಟು ಕೂರಿಸಿದೆವು. ಗೋದಾಮಿನ ರಸ್ತೆಯಲ್ಲಿ ಎರಡು ಸುತ್ತು ಬಂದಿರಬೇಕು, ಒಂದು ಗಾಡಿ ಎದುರಾಯಿತು, ತುಳಿದೆ. ಕನ್ನಡಿಯಲ್ಲಿ ನೋಡುತ್ತೇನೆ, ಅವರ ಎರಡೂ ಕೈ ತಲೆಯ ಮೇಲೆ ಎದ್ದು ಗಾಳಿಯಲ್ಲಿ ಏನನ್ನೋ ಹಿಡಿದಿವೆ. ಇನ್ನೊಂದು ಸಲ ತುಳಿದೆ, ಮತ್ತೆ ಕೈ ಮೇಲೆ. ಪೆಟ್ಟು ತಪ್ಪಿಸಿಕೊಳ್ಳಲು ಎತ್ತಿದ್ದಲ್ಲ. ಹಗ್ಗ ಹಿಡಿಯಲು ಎತ್ತಿದ್ದು. ನನ್ನ ಕಾಲಿನ ಸದ್ದಿಗೆ ಅವರ ಕೈ ಇನ್ನೂ ಕಾಯುತ್ತಾ ಕೂತಿತ್ತು. ಕಂಪನಿ ಮುಚ್ಚಿ, ಪರದೆಗಳು ಯಾರದೋ ಅಟ್ಟ ಸೇರಿ ಎಷ್ಟು ಕಾಲವಾಯಿತು. ಅವರೂ ತಮ್ಮ ಕೈ ನೋಡಿಕೊಂಡರು. ಇಬ್ಬರಿಗೂ ನಗು ಬಂತು, ನಕ್ಕೆವು. ಮೇಷ್ಟ್ರು ಏನೂ ಅರ್ಥವಾಗದೆ ತಾನೂ ನಕ್ಕ, ಕುತ್ತಿಗೆ ನೋವಿಗೆ ನಿಲ್ಲಿಸಿದ.

ಅವತ್ತು ಸಂಜೆ ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದೆ. ಛಾವಣಿಗೆ ನೇತುಬಿಟ್ಟ ಬಟ್ಟೆಯ ಚೌಕಟ್ಟು ಇದೆಯಲ್ಲ, ರಾಟೆಗೆ ಹಗ್ಗ ಹಾಕಿ ಮೇಲೆ ಕೆಳಗೆ ಮಾಡುವುದು. ಅವರು ಕುರ್ಚಿ ಎಳೆದುಕೊಂಡು ಬಂದು ಬಾಗಿಲಲ್ಲಿ ಕೂತರು. ಅದನ್ನ ಮೇಲೆಳೆದು ಕೆಳಗೆ ಬಿಡು ಎಂದರು. ಬಿಟ್ಟೆ, ಧೊಪ್ಪೆಂದು ಬಂದು ನನ್ನ ತಲೆಗೆ ಬಡಿದು ಟವೆಲ್ಲುಗಳೆಲ್ಲ ನೆಲ ಸೇರಿದವು. ಇನ್ನೊಮ್ಮೆ ಎಂದರು. ಈ ಸಲ ಬಿಗಿಹಿಡಿದು ಇಳಿಸಿದೆ. ಎದೆಮಟ್ಟಕ್ಕೆ ಬಂದಾಗ ಗಕ್ಕನೆ ನಿಲ್ಲಿಸಿದೆ, ಇಡೀ ಚೌಕಟ್ಟು ತೊನೆದಾಡಿ ನೀರು ಚೆಲ್ಲಿತು. ನಿನ್ನಪ್ಪನಿಗೆ ಸೂಜಿ ಚುಚ್ಚುವ ಕೈಯಲ್ಲಿ ಭಾರ ಎಳೆಯುವ ಹಾಗಿಲ್ಲ. ಸುಮ್ಮನೆ ಬಲಗೈ ಮುಂದೆ ಚಾಚಿ ಇಲ್ಲದ ಹಗ್ಗವನ್ನು ಹಿಡಿದು ತೋರಿಸಿದರು. ಪರದೆಯ ಬುಡದಲ್ಲಿ ಮರದ ದಿಂಡು ಇರುತ್ತಿತ್ತಲ್ಲ, ಅದು ನೆಲಕ್ಕೆ ಬಡಿದರೆ ಸತ್ತ ರಾಜಕುಮಾರ ಬೆಚ್ಚಿಬಿದ್ದು ಜನ ನಗುತ್ತಿದ್ದರು. ಬಡಿಯದಂತೆ ಇಡುವುದೇ ಅವರ ವಿದ್ಯೆ. ಅದನ್ನು ಅವರು ಯಾರಿಗೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

‘ನೀನು ಕಾಲು ಹಾಕಿದ ತಕ್ಷಣ ನಾನು ಗಟ್ಟಿ ಹಿಡೀತಿದ್ದೆ ಅಂದ್ಕೊಂಡ್ಯಾ? ಮೊದಲು ಅಂಗೈಗೆ ತಾಗಿಸ್ಬೇಕು, ಅಷ್ಟೇ. ಆಮೇಲೆ ಹಿಡಿ, ಇನ್ನೂ ಹಿಡಿ. ನೆಲ ಒಂದು ಗೇಣು ಇದೆ ಅನ್ನೋವಾಗ ಹಿಡಿದಿದ್ದನ್ನ ಬಿಡ್ತಾ ಬಾ. ಎಲ್ರೂ ಅಲ್ಲೇ ಹೆದರ್ಕೊಂಡು ಬಿಗೀತಾರೆ. ಅಲ್ಲೇ ಬಿಡ್ಬೇಕು.’

ಕೇಳಲು ಸುಲಭ. ಟವೆಲ್ಲುಗಳನ್ನು ಎಷ್ಟು ಸಲ ಮತ್ತೆ ಹಿಂಡಿದೆನೋ. ಕೆಳಗಿನ ಮನೆಯವರು ಮೇಲೆ ತಲೆಯೆತ್ತಿ, ಮಳೆ ಇಲ್ಲದೆ ನೀರು ಹೇಗೆ ಬೀಳ್ತಿದೆ ಎಂದು ಕೂಗಿದರು. ಕಡೆಗೊಮ್ಮೆ ಆ ಚೌಕಟ್ಟು ಸದ್ದಿಲ್ಲದೆ ಬಂದು ಅವರ ಮೊಣಕಾಲಿನ ಮಟ್ಟಕ್ಕೆ ನಿಂತಿತು, ಒಂದು ಹನಿ ಚೆಲ್ಲಲಿಲ್ಲ. ಅವರು ಹ್ಞೂಂ ಎಂದು ಕುರ್ಚಿ ಎಳೆದುಕೊಂಡು ಒಳಗೆ ಹೋದರು. ಅಷ್ಟೇ ಹೊಗಳಿಕೆ. ಮಾರನೆಯ ದಿನ ಕಾರಿನಲ್ಲಿ ಕಾಲನ್ನು ಕಾಲು ಎಂದುಕೊಳ್ಳಲಿಲ್ಲ, ಅಂಗೈ ಎಂದುಕೊಂಡೆ. ತಾಗಿಸಿದೆ, ಹಿಡಿದೆ, ಕಾರು ನಿಲ್ಲಲು ಇನ್ನೊಂದು ಗೇಣು ಇದೆ ಎನ್ನುವಾಗ ಸಡಿಲಿಸಿದೆ. ಮೊದಲು ಬಾರದೆ ಹೋಯಿತು, ಎರಡು ಸಲ ಬೇಗ ಬಿಟ್ಟು ಮುಂದಿನ ಕಸದ ಡಬ್ಬಿಗೆ ಮುತ್ತಿಕ್ಕುವುದರಲ್ಲಿದ್ದೆ. ಆಮೇಲೆ ಬಂತು. ಮೇಷ್ಟ್ರು ಲವಂಗ ಅಗಿಯುವುದನ್ನು ನಿಲ್ಲಿಸಿ, ಇದನ್ನ ಯಾರು ಹೇಳ್ಕೊಟ್ರು ಎಂದ. ನಮ್ಮ ಯಜಮಾನರು, ಅವರಿಗೆ ಕಾರು ಓಡಿಸೋಕೆ ಬರೋದಿಲ್ಲ ಎಂದೆ.

ಪರೀಕ್ಷೆಯ ದಿನದ್ದು ಹೇಳಿಬಿಡುತ್ತೇನೆ. ಮೊದಲ ಗಂಟೆ ಬಾರಿಸುವ ಹೊತ್ತಿಗೆ ಬಣ್ಣ ಹಚ್ಚಿಕೊಂಡು ಕೂತವಳ ಹಾಗೆ ಕಾಯುತ್ತಿದ್ದೆ. ಪರೀಕ್ಷೆ ಮಾಡುವವಳು ಒಬ್ಬ ಹೆಂಗಸು, ಮುಖದಲ್ಲಿ ಒಂದು ಗೆರೆ ಅಲುಗದು. ಪಕ್ಕದಲ್ಲಿ ಕೂತು ಮೊಣಕಾಲ ಮೇಲಿನ ಹಾಳೆಯಲ್ಲೇ ಕಣ್ಣು. ಇಂಥ ಪ್ರೇಕ್ಷಕರ ಮುಂದೆ ನಾನು ಎಂದೂ ಆಡಿಲ್ಲ, ಗುಬ್ಬಿ. ಚಪ್ಪಾಳೆ ಹೋಗಲಿ, ಕೆಮ್ಮು ಕೂಡ ಇಲ್ಲ. ತಿರುವು ತೆಗೆದೆ, ಹಿಂದಕ್ಕೆ ತೆಗೆದೆ, ಏರಿನಲ್ಲಿ ನಿಲ್ಲಿಸಿ ಹೊರಡಿಸಿದೆ. ಕಡೆಗೆ ಹಾಳೆಯಿಂದ ಕಣ್ಣೆತ್ತದೆ, ಆ ಗೋಡೆ ಹತ್ರ ನಿಲ್ಲಿಸಿ ಎಂದಳು. ನಿಲ್ಲಿಸಿದೆ. ಅವಳು ಬರೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ, ನಿಲ್ಲಿಸಿ ಅಂದ್ನಲ್ಲ ಎಂದಳು.

‘ನಿಂತಿದೆ ಮೇಡಂ,’ ಎಂದೆ.

ತಲೆಯೆತ್ತಿ ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗೋಡೆಯನ್ನು. ಹಾಳೆಯಲ್ಲಿ ಏನೋ ಗೀಚಿ ಇಳಿದು ಹೋದಳು. ಪಾಸು! ರಾಣಿಯ ಕಿರೀಟ ಹೊತ್ತಾಗ ಆಗದ ಸಂತೋಷ ಆಗಬೇಕಿತ್ತು. ಆಗಲಿಲ್ಲವೆಂದಲ್ಲ. ಆದರೆ ಮೊದಲು ಮನಸ್ಸಿಗೆ ಬಂದದ್ದು, ಸದ್ಯ ಇನ್ನು ಮನೆಗೆ ಹೋಗಿ ಸ್ವಲ್ಪ ಮಲಗಬಹುದು ಎನ್ನುವುದು. ಮಲಗಲಾಗಲಿಲ್ಲ, ಇವರ ಮಾತ್ರೆ ಮುಗಿದಿತ್ತು.

ಇವತ್ತು ನಾನೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಬಂದೆ. ನಾನು, ನಿನ್ನ ಕಾರು, ಹಿಂದಿನ ಸೀಟಿನಲ್ಲಿ ಅವರು. ಥಿಯೇಟರಿನ ತಿರುವು ದಾಟಿದೆ, ದೊಡ್ಡ ಸಿಗ್ನಲ್ಲು ದಾಟಿದೆ, ಒಬ್ಬರ ಹೊಟ್ಟೆಯೂ ತೊಳೆಸಲಿಲ್ಲ. ಆದ್ದರಿಂದ ನೀನು ಕೋರ್ಸು ಬಿಡುವ ಮಾತನ್ನು ಇಲ್ಲಿಗೇ ಬಿಡು. ಅಪ್ಪನ ಸೇವೆ ಮಾಡಬೇಕೆಂಬ ನಿನ್ನ ಮನಸ್ಸು ದೊಡ್ಡದು, ಇಲ್ಲವೆನ್ನುವುದಿಲ್ಲ. ಆದರೆ ನಿನ್ನ ಕೈಯಿಂದ ಕಾಲು ಪಡೆದು ಮನೆಯ ಬಾಗಿಲು ದಾಟಬೇಕಾದವರು ಅಲ್ಲಿ ಸಾಲಾಗಿ ಕೂತಿದ್ದಾರೆ. ಮತ್ತೆ, ನೀನು ಬಿಟ್ಟು ಬಂದರೆ ಇವರು ಒಂದು ಮಾತೂ ಆಡುವುದಿಲ್ಲ, ಆಸ್ಪತ್ರೆಗೆ ಹೋಗುವುದನ್ನೇ ನಿಲ್ಲಿಸುತ್ತಾರೆ. ಮಗಳ ಬದುಕನ್ನು ನಾನು ತಿಂದೆ ಎಂದುಕೊಂಡ ದಿನ ಈ ಮನುಷ್ಯ ಮಂಚದಿಂದ ಏಳುವುದಿಲ್ಲ. ಅಷ್ಟು ನನಗೆ ಗೊತ್ತು. ಓದು ಮುಗಿಸು. ಇದು ಆಜ್ಞೆ ಎಂದೇ ತಿಳಿ. ಬೇಡಿಕೆ ಎಂದು ತಿಳಿದರೂ ಅಡ್ಡಿಯಿಲ್ಲ.

ನಿನ್ನ ಜೊತೆಯ ಕೋಣೆಯ ಹುಡುಗಿಯನ್ನು ಕೇಳಿದೆನೆಂದು ಹೇಳು. ನಿಮ್ಮ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು. ತಲೆಗೆ ಎಣ್ಣೆ ಹಚ್ಚಿಕೋ. ಬೆಕ್ಕಿನ ಮರಿಗಳಲ್ಲಿ ಒಂದನ್ನು ಟೈಲರ್ ಅಮ್ಮ ಇಟ್ಟುಕೊಂಡಳು, ಅದು ಅವಳ ನೂಲಿನ ಉಂಡೆಗಳಿಗೆ ಗತಿ ಕಾಣಿಸುತ್ತಿದೆ. ಕೈ ಹಿಡಿದ ಕೆಲಸ ನಿನ್ನ ಕೈ ಬಿಡದಿರಲಿ, ನಡೆದ ದಾರಿಯೆಲ್ಲ ನಿನಗೆ ಮೆತ್ತಗಿರಲಿ.

ನಿನ್ನ ಗಟ್ಟಿ ಗಂಟಲಿನ
ಅಮ್ಮ

ತಾ.ಕ.: ನರ್ಸು ಕರೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಬೆಳಿಗ್ಗೆಯದನ್ನು ಪೂರ್ತಿ ಹೇಳಲಿಲ್ಲ. ದೊಡ್ಡ ಸಿಗ್ನಲ್ಲಿನಲ್ಲಿ ನಿಲ್ಲಿಸಿದಾಗ ಕನ್ನಡಿ ನೋಡಿದೆ. ಅವರ ತಲೆ ಕಿಟಕಿಗೆ ಒರಗಿತ್ತು, ಕಣ್ಣು ಮುಚ್ಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಹೆಸರು ಹಿಡಿದು ಕರೆಯಲು ನೋಡಿದೆ, ದನಿ ಹೊರಡಲಿಲ್ಲ, ನನಗೆ! ಹಸಿರು ದೀಪ ಬಂತು, ಹಿಂದಿನವರು ಹಾರನ್ನು ಬಾರಿಸಿದರು, ಹೊರಟೆ. ಮುಂದೆ ಯಾರೂ ಇಲ್ಲದ ಕಡೆ ಬೇಕೆಂದೇ ಬ್ರೇಕನ್ನು ಜೋರಾಗಿ ತುಳಿದೆ, ಗುಬ್ಬಿ. ಅವರ ತಲೆ ಸೀಟಿಗೆ ತಾಗಿತು. ಕಣ್ಣು ಬಿಟ್ಟು ‘ಬಂತಾ?’ ಎಂದರು. ಇಲ್ಲ, ಮಲಗಿ ಎಂದೆ. ಎಷ್ಟೋ ದಿನದ ಮೇಲೆ ನಿದ್ದೆ ಬಂದಿತ್ತಂತೆ ಅವರಿಗೆ. ನಾನು ರಸ್ತೆ ನೋಡಬಲ್ಲೆ, ಇಲ್ಲವೇ ಅವರನ್ನು ನೋಡಬಲ್ಲೆ. ಎರಡನ್ನೂ ನೋಡುವುದನ್ನು ಯಾವ ಮೇಷ್ಟ್ರೂ ಹೇಳಿಕೊಡುವುದಿಲ್ಲ. ಕೋರ್ಸು ಬಿಡಬೇಡ. ಆದರೆ ನಿನ್ನ ರಜೆಗೆ ಎಲ್ಲಿಗೂ ಹೋಗದೆ ನೇರ ಮನೆಗೆ ಬಾ. ಕಾರು ನಾನೇ ಓಡಿಸುತ್ತೇನೆ. ನೀನು ಹಿಂದೆ ಅವರ ಪಕ್ಕ ಕೂತು, ಕೈ ಹಿಡಿದುಕೊಂಡು, ಆಗಾಗ ‘ಹ್ಞೂಂ ಅಮ್ಮಾ’ ಎನ್ನುತ್ತಿರು. ಅಷ್ಟು ದಾರಿ ನನಗೆ ಕನ್ನಡಿ ನೋಡುವುದು ತಪ್ಪುತ್ತದೆ.